ತಂತಿಗೆ ಕಟ್ಟಿದ ಬೋರ್ಡು

ಸಭೆಯ ಅಧ್ಯಕ್ಷರಾದ ರೂಪಶ್ರೀ ಮೇಡಂ ಅವರೇ, ಈ ಸನ್ಮಾನದ ಖರ್ಚು ಹೊತ್ತ ತೋಟದ ಮಾಲೀಕರಾದ ಸೋಮೇಶ್ ಅವರೇ, ಉಡಿಗಾಲ, ಬೇಗೂರುಗಳಿಂದ ಬಸ್ಸಿನಲ್ಲಿ ನಿಂತೇ ಬಂದ ಸಭಿಕರೇ,

ಮೈಕು ಸ್ವಲ್ಪ ದೂರ ಇಡಿ. ನಾಟಕಗಳಲ್ಲಿ ಮೂವತ್ತು ವರ್ಷ ರಾಕ್ಷಸನಾಗಿ ಗರ್ಜಿಸಿದ ಗಂಟಲಿದು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೂ ಕೇಳುತ್ತದೆ.

ಈ ಪೇಂಟರ್ ಮರಿಮಲ್ಲಪ್ಪನ ಅಕ್ಷರ ಕುಣಿಯುತ್ತದೆ ಎಂದು ಹೊಗಳಿದಿರಿ. ಹೌದು, ಕುಣಿಸಿದೆ. ನಾಟಕದ ಪರದೆ ಬರೆದು ಕಲಿತ ಕೈ. ತಲೆಕಟ್ಟಿಗೆ ಬಳ್ಳಿ, ಕೊಂಬಿಗೆ ಬಾಲ, ಕೆಂಪು ಅಕ್ಷರಕ್ಕೆ ಕಪ್ಪು ನೆರಳು. ಅಂಗಡಿಗೂ ಅದೇ, ಮದುವೆ ಕಮಾನಿಗೂ ಅದೇ. ಅದನ್ನು ಯಾರಾದರೂ ಓದಿದರೇ? ಅಲ್ಲಿರುವ ಮಾತು ಮೊದಲೇ ಗೊತ್ತಿದ್ದವರು ಗುರುತು ಹಿಡಿದರು, ಅಷ್ಟೆ.

ಹೋದ ವರ್ಷ ಸೋಮೇಶ್ ಅವರು ಮದ್ದೂರಿನ ಕಡೆಯ ತೋಟಕ್ಕೆ ಹಂದಿ ನುಗ್ಗದಂತೆ ತಂತಿ ಎಳೆಸಿ, ನೇರವಾಗಿ ಕರೆಂಟ್ ಕೊಟ್ಟರು. ತಂತಿಗೆ ನೇತುಹಾಕಲು 'ಅಪಾಯ, ಮುಟ್ಟಬೇಡಿ' ಎಂದು ತಗಡಿನ ಮೇಲೆ ಬರೆಸಿದರು. ಅದನ್ನೂ ಕುಣಿಸಿದೆ. ಪಕಾರದ ತಲೆಯ ತೆರಪು ನೆರಳಿನ ಬಣ್ಣದಲ್ಲಿ ಮುಚ್ಚಿತು. ಆ ತೆರಪು ಮುಚ್ಚಿದರೆ ಪಕಾರ ವಕಾರದಂತೆಯೇ ಅಲ್ಲವೇ?

ಮಂಚಮ್ಮ ಆಡು ಮೇಯಿಸುವವಳು. ಐವತ್ತು ದಾಟಿದ ಮೇಲೆ ರೂಪಶ್ರೀ ಮೇಡಂ ಬಳಿ ಆರು ತಿಂಗಳು ಕೂತು ಓದು ಕಲಿತಳು. ಪಾಠದ ಪುಸ್ತಕದ ದುಂಡು ಅಕ್ಷರ. ಕಲಿತ ಮೇಲೆ ಕಂಡದ್ದನ್ನೆಲ್ಲ ಓದುವ ಹುಚ್ಚು. ಗೊಬ್ಬರದ ಚೀಲವನ್ನೂ ಬಿಡುತ್ತಿರಲಿಲ್ಲ. ಆ ಮಧ್ಯಾಹ್ನ ನನ್ನ ಬೋರ್ಡಿನಿಂದ ಹತ್ತು ಹೆಜ್ಜೆ ದೂರ ನಿಂತು ಅಕ್ಷರ ಕೂಡಿಸಿದಳು. ಆಗಲಿಲ್ಲ. ಜೊತೆಗಿದ್ದ ಗಂಡ ಚಿಕ್ಕಯ್ಯನಿಗೆ ಹೇಳಿದಳಂತೆ: "ಇದು ಪಾ ನಾ, ವಾ ನಾ? ತಡಿ, ಅತ್ರ ಓಗಿ ನೋಡ್ತೀನಿ."

ಹೋದಳು. ಗಾಳಿಗೆ ಅಲ್ಲಾಡುತ್ತಿದ್ದ ತಗಡನ್ನು ನಿಲ್ಲಿಸಲು ತಂತಿ ಹಿಡಿದಳು.

ಹೆಣ ಮಣ್ಣು ಮಾಡಿ ಬಂದ ಚಿಕ್ಕಯ್ಯ ನನ್ನನ್ನು ಬೈಯಲಿಲ್ಲ. "ಓದಕ್ ಓಗಿ ಸತ್ತೋದ್ಲು ಕಣಣ್ಣ. ಅಕ್ಸರ ಬರ್ದೆ ಇದ್ದಿದ್ರೆ ಬದುಕ್ತಿದ್ಲು" ಎಂದ, ಅಷ್ಟೆ.

ಬೋರ್ಡು ಇತ್ತು, ಗಮನಿಸದೇ ಹೋದದ್ದು ಅವಳ ತಪ್ಪು ಎಂದು ಸೋಮೇಶ್ ಅವರ ವಕೀಲರ ವಾದ. ನಾಳೆ ಚಾಮರಾಜನಗರದ ಕೋರ್ಟಿನಲ್ಲಿ ನಾನು ಅವರ ಕಡೆಯ ಸಾಕ್ಷಿ. ಬರಹ ಸ್ಪಷ್ಟವಾಗಿತ್ತು ಎಂದು ಹೇಳಬೇಕಂತೆ. ಇವತ್ತು ಈ ಶಾಲು. ಕುಳಿತುಕೊಳ್ಳಿ ಸೋಮೇಶ್ ಅವರೇ, ಮುಗಿಸುತ್ತಿದ್ದೇನೆ.

ಮೊನ್ನೆ ಅದೇ ಜಾಗದಲ್ಲಿ ಹತ್ತು ಹೆಜ್ಜೆ ಹಿಂದೆ ನಿಂತು, ಇನ್ನೂ ಅಲ್ಲೇ ಇರುವ ಆ ಬೋರ್ಡನ್ನು ನೋಡಿದೆ. ಬರೆದ ನನಗೇ ಓದಲಾಗಲಿಲ್ಲ. ನಾಳೆ ಇದನ್ನೇ ಹೇಳುತ್ತೇನೆ. ಕರೆಂಟ್ ಕೊಟ್ಟವರು ಅವರು, ಅವಳನ್ನು ತಂತಿಯ ಬಳಿಗೆ ಕರೆದದ್ದು ನನ್ನ ಕೈ. ಇಬ್ಬರ ಹೆಸರನ್ನೂ ಬರೆದುಕೊಳ್ಳಿ ಎನ್ನುತ್ತೇನೆ.

ಶಾಲು ಮೇಜಿನ ಮೇಲಿದೆ. ಹಿಂದಿನ ಸಾಲಿನಲ್ಲಿರುವ ಚಿಕ್ಕಯ್ಯ, ಬೆಳಿಗ್ಗೆ ಏಳರ ಬಸ್ಸಿಗೆ ನಾನೂ ಬರುತ್ತೇನೆ, ಪಕ್ಕದಲ್ಲಿ ಸೀಟು ಹಿಡಿದಿರಪ್ಪ. ಎದ್ದು ಹೋಗದೆ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.