ಬುಧವಾರದ ಕತ್ತಿ

ಜೋಲಿಂಗನ್ ಪಟ್ಟಣದ ಸಾಣೆ ಅಂಗಡಿಯಲ್ಲಿ ದರ್ಜಿ ಗೆರ್ಡಾ ತನ್ನ ಕತ್ತರಿಗಾಗಿ ಕಾಯುತ್ತಿದ್ದಳು. ಅವಳ ಮುಂದಿದ್ದ ಮುದುಕಿ ಟ್ರೂಡೆ, ತೀರಿಹೋದ ಗಂಡ ಎವಾಲ್ಡನ ಪೆಟ್ಟಿಗೆ ತೆರೆದಳು. ವಾರಕ್ಕೆ ಏಳು ಕ್ಷೌರದ ಕತ್ತಿ, ಒಂದೊಂದರ ಬೆನ್ನ ಮೇಲೂ ದಿನದ ಹೆಸರು. ಸಾಣೆಯ ಕ್ಲಾಸನ್ ಅವನ್ನು ಬೆಳಕಿಗೆ ಹಿಡಿದು ನೋಡಿದ.

"ಒಂದು ಚುಕ್ಕೆ ತುಕ್ಕಿಲ್ಲ. ಎವಾಲ್ಡ್ ಅಂದ್ರೆ ಎವಾಲ್ಡೇ. ಆದ್ರೆ ಬುಧವಾರದ್ದು ಮಾತ್ರ ಯಾಕಮ್ಮ ಇಷ್ಟು ಸವೆದಿದೆ?"

"ನನ್ನ ಕೇಳ್ತೀರಾ? ಪ್ರತಿ ಬುಧವಾರ ಅದನ್ನ ಜೇಬಿಗೆ ಹಾಕ್ಕೊಂಡು, ಸಾಣೆ ಹಿಡಿಸ್ತೀನಿ ಅಂತ ನಿಮ್ಮ ಹತ್ರಾನೇ ಬರ್ತಿದ್ರಲ್ಲ!"

"ಇಲ್ಲಿಗಾ? ಅವರು ಬಂದು ಎರಡು ವರ್ಷ ಆಯ್ತು. ಇದು ಇಬ್ಬರ ಗಡ್ಡ ಹೆರೆದ ಕತ್ತಿ, ಅಮ್ಮ."

"ಇನ್ಯಾರದ್ದು?"

"ಅವರ ತಮ್ಮ ವಿಲ್ಲಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದೂ ಆಗಲೇ ಅಲ್ವಾ?"

ಟ್ರೂಡೆ ಕೈಚೀಲ ಕೆಳಗಿಟ್ಟಳು.

"ಅವನ ಹೆಸರು ನಮ್ಮನೇಲಿ ಎತ್ತಬಾರ್ದು ಅಂತ ಹೇಳಿಟ್ಟಿದ್ದೆ ನಾನು. ಮಣ್ಣಿಗೆ ಬಂದಿದ್ದ, ತಿಂಗಳ ಗಡ್ಡ ಬಿಟ್ಕೊಂಡು. ಅಣ್ಣ ಸತ್ತ ದಿನಾನೂ ಗಡ್ಡ ತೆಗೆಯೋಕಾಗ್ಲಿಲ್ವಾ ಅಂತ ಎಲ್ಲರೆದುರಿಗೇ ಅಂದೆ."

"ಅವನೇನಂದ?" ಹಿಂದಿನಿಂದ ಗೆರ್ಡಾ ಕೇಳಿದಳು.

"ಎಡಗೈಲಿ ಟೋಪಿ ಹಾಕ್ಕೊಂಡು ಹೊರಟುಹೋದ."

ಕ್ಲಾಸನ್ ಪೆಟ್ಟಿಗೆ ಮುಚ್ಚಹೋದ. "ಬಿಟ್ಟುಹೋಗಿ. ಶುಕ್ರವಾರ ಎಲ್ಲಾ ಕೊಡ್ತೀನಿ."

"ಆರು ಇರಲಿ. ಇದೊಂದನ್ನ ಈಗಲೇ ಮಸೆದುಕೊಡಿ. ನಾಳೆ ಬುಧವಾರ."

"ನಿಮಗೆ ಹೆರೆಯೋಕೆ ಬರತ್ತಾ?"

"ಇವರು ಹಾಸಿಗೆ ಹಿಡಿದ ಮೇಲೆ ಇನ್ಯಾರು ಹೆರೆದಿದ್ದು?"

ಕತ್ತಿ ಹರಿತವಾಯಿತು. ಟ್ರೂಡೆ ಅದನ್ನು ಮಡಚಿ, ಕೈಚೀಲಕ್ಕಲ್ಲ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಟಳು.