ದಿನವೂ ಕೆಂಪು ಬರೆದ ಬೋರ್ಡು

ಮಾನ್ಯ ಅಧ್ಯಕ್ಷರೇ, ಫೋನಿನಲ್ಲಿ ಮಾತಾಡುವ ಎಐ ಸಹಾಯಕನನ್ನು ನಮ್ಮ ಸರ್ಫಿಂಗ್ ಕ್ಲಬ್ಬಿಗೆ ತಂದುಕೊಟ್ಟ ಇಂಜಿನಿಯರಮ್ಮನವರೇ, ತಲೆಗೂದಲು ಇನ್ನೂ ಆರದ ಸಭಿಕರೇ,

ಇಪ್ಪತ್ತಾರು ವರ್ಷ ದಡದ ಕಪ್ಪು ಬೋರ್ಡಿನಲ್ಲಿ ಸಮುದ್ರದ ಸ್ಥಿತಿ ಬರೆದವನಿಗೆ ಬೀಳ್ಕೊಡುಗೆಯೆಂದು ಅಲಾರಂ ಗಡಿಯಾರ ಕೊಟ್ಟಿದ್ದೀರಿ. ಕೆಲಸ ಬಿಟ್ಟವನಿಗೆ ಅಲಾರಂ ಏಕೋ! ನಾಳೆಯಿಂದ ನನ್ನ ಕೆಲಸ ಈ ಸಹಾಯಕನದು. ಎರಡು ಮಾತು ಹೇಳಿ ಎಂದಿರಿ, ಹೇಳುತ್ತೇನೆ, ಬೇಸರಪಡಬೇಡಿ.

ಪರೀಕ್ಷೆಗೆಂದು ತಂದ ಮೊದಲ ವಾರ ಇದು ಏನು ಮಾಡಿತು? ಹಲಗೆಯ ಮೇಲೆ ನೆಟ್ಟಗೆ ನಿಲ್ಲಲೂ ಬಾರದ ಅಂಚೆ ಗುಮಾಸ್ತರಿಗೆ ‘ಭೇಷ್, ನಿಮ್ಮಿಂದ ಆಗುತ್ತದೆ!’ ಎಂದಿತು. ಅವರು ಸಮುದ್ರಕ್ಕೆ ಎರಡು ಹಲ್ಲು ಕೊಟ್ಟು ಬಂದರು. ಸಮಿತಿ ಬೆದರಿತು. ಎರಡನೇ ವಾರ, ಒದ್ದೆ ಟವೆಲ್ ಎಲ್ಲಿ ಒಣಗಿಸಲಿ ಎಂದು ಕೇಳಿದರೂ ‘ಅಪಾಯ, ಎಚ್ಚರ!’ ಎಂದಿತು. ಕಾರ್ಯದರ್ಶಿಗಳು ಸಮಾಧಾನದಿಂದ, ‘ಯಜಮಾನರೇ, ಹೀಗಿದ್ರೆ ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸೋ ಹಾಗಿಲ್ಲ’ ಎಂದರು.

ಎಲ್ಲರಿಗೂ ಹೇಳಿದ ಭೇಷ್ ಯಾರಿಗೆ ಹೇಳಿದ್ದು? ಎಲ್ಲ ದಿನವೂ ಹೇಳಿದ ಅಪಾಯ ಯಾವ ದಿನದ್ದು?

ಹತ್ತೊಂಬತ್ತು ವರ್ಷದ ಹಿಂದೆ, ದಿನವೂ ಕೆಂಪು ಸೀಮೆಸುಣ್ಣದಲ್ಲಿ ‘ಅಪಾಯ’ ಬರೆಯಬೇಕೆಂದು ಅಂದಿನ ಸಮಿತಿ ಹೇಳಿತ್ತು. ಇಲ್ಲ, ಈ ವಯಸ್ಸಿನಲ್ಲಿ ಸುಳ್ಳೇಕೆ? ಯಾರೂ ಹೇಳಿರಲಿಲ್ಲ. ಬರೆದಿಟ್ಟರೆ ಏನಾದರೂ ತಪ್ಪು ನನ್ನ ತಲೆಗೆ ಬರುವುದಿಲ್ಲ ಎಂದು ನನಗೇ ಅನ್ನಿಸಿತ್ತು. ನೀರು ನಿದ್ದೆಹೋದಂತಿದ್ದ ದಿನವೂ ಕೆಂಪು.

‘ಏನಣ್ಣಾ, ಇವತ್ತೂ ಅದೇನಾ? ಒರೆಸೋ ಕೆಲಸವಾದ್ರೂ ಉಳೀತು ಬಿಡು!’ ಎಂದು ನಕ್ಕು ನನ್ನ ತಮ್ಮ ನೀರಿಗಿಳಿದ. ಅಂದು ಬಂಡೆಯ ಪಕ್ಕ ಒಳಕ್ಕೆಳೆಯುವ ಸೆಳವು ನಿಜವಾಗಿಯೂ ಇತ್ತು. ನಾನು ನೋಡಿದ್ದೆ. ಅದಕ್ಕೆಂದು ಬೇರೆ ಶಬ್ದ ನನ್ನ ಬೋರ್ಡಿನಲ್ಲಿ ಉಳಿದಿರಲಿಲ್ಲ.

ಸಂಜೆ ಅವನ ಹಲಗೆಯೊಂದೇ ತೇಲಿ ಬಂತು, ಮನೆಯ ದಾರಿ ಗೊತ್ತಿದ್ದ ಹಾಗೆ.

ಈಗಲೂ ಕನಸಿನಲ್ಲಿ ಅವನು ಬಂಡೆಯಾಚೆ ಅಲೆಯ ಹೆಗಲೇರಿ ಕೈಬೀಸುತ್ತಾನೆ. ನಾನು ಬೋರ್ಡು ಒರೆಸುತ್ತಲೇ ಇರುತ್ತೇನೆ, ಕೆಂಪು ಹೋಗುವುದಿಲ್ಲ. ಅವನು ಹೋದ ಮೇಲೆ, ಅಪಾಯ ಎಲ್ಲಿ, ಎಷ್ಟು ಹೊತ್ತಿನವರೆಗೆ, ಏನು ಮಾಡಬೇಕು ಎಂದು ಬಿಡಿಸಿ ಬರೆಯತೊಡಗಿದೆ. ಬರೆದವನೇ ಸಮುದ್ರಕ್ಕೆ ಬೆನ್ನು ಹಾಕಿ ಮನೆಗೆ ಹೋಗುತ್ತಿದ್ದೆ. ನೀರಿನ ಅಂಚಿಗೆ ಕಾಲಿಟ್ಟವನಲ್ಲ.

ಈ ಇಂಜಿನಿಯರಮ್ಮನ ಜೊತೆ ಒಂದು ತಿಂಗಳು ಜಗಳವಾಡಿದ್ದು ಇದಕ್ಕೇ, ಸಹಾಯಕನೂ ಹಾಗೆ ಬಿಡಿಸಿ ಹೇಳಲಿ ಎಂದು. ಅವರು ಕೇಳಿಸಿಕೊಂಡರು.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ತಮ್ಮನ ಮಗಳು ಫೋನನ್ನು ಕೇಳಿದಳು: ‘ನಾಳೆ ಸಮುದ್ರಕ್ಕೆ ಹೋಗಲಾ?’ ಅದು ಹೇಳಿತು: ‘ನಾಲ್ಕು ದಿನದಿಂದ ಬೀಳದೆ ನಿಲ್ಲುತ್ತಿದ್ದೀರಿ. ಎಡಗಡೆ ಮರಳಿನ ಮೇಲೆ ಅಲೆ ಸೊಂಟದೆತ್ತರ; ನಿಮಗೆ ಆಗುತ್ತದೆ. ಬಂಡೆಯ ಪಕ್ಕ ಒಂಬತ್ತರವರೆಗೆ ಸೆಳವು, ಅತ್ತ ಬೇಡ. ಸಿಕ್ಕಿಬಿದ್ದರೆ ಎದುರು ಈಜಬೇಡಿ. ಹಲಗೆ ಬಿಡದೆ ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯಿರಿ. ದಡದಲ್ಲಿ ಯಾರಿರುತ್ತಾರೆ?’

‘ದೊಡ್ಡಪ್ಪ’ ಎಂದಳು. ನನ್ನನ್ನು ಕೇಳಲೇ ಇಲ್ಲ.

ನಾಳೆ ಬೆಳಿಗ್ಗೆ ಆರೂವರೆಗಂತೆ. ಗಡಿಯಾರ ಉಪಯೋಗಕ್ಕೆ ಬಂತು, ಅದಕ್ಕೂ ಇಷ್ಟು ಹೊತ್ತು ಸಹಿಸಿದ್ದಕ್ಕೂ ಧನ್ಯವಾದ. ನಾನು ಬೇಗ ಮಲಗಬೇಕು. ನಮಸ್ಕಾರ.