ಬೋರಮ್ಮನ ಹೊಲದ ಒಡಿಯಾ ಹುಡುಗ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ರಸ್ತೆ ಬದಿ ಮುನವ್ವರಾಳ ಟೀ ಅಂಗಡಿ. ಶಿಫ್ಟು ಬಿಡುವ ಹೊತ್ತಿಗೆ ಶುರುವಾದ ಮಳೆ ನಿಲ್ಲುವ ಹಾಗೆ ಕಾಣಲಿಲ್ಲ, ಕರೆಂಟೂ ಹೋಯಿತು. ಕನಕಪುರದ ಬಸ್ಸಿಗೆ ಕಾದಿದ್ದವರೆಲ್ಲ ತಗಡಿನ ಸೂರಿನಡಿ ಒತ್ತೊತ್ತಾಗಿ ನಿಂತರು. "ಈ ಹೊರಗಿನೋರು ಬಂದು ನಮ್ಗೆ ನಿಲ್ಲಕ್ಕೂ ಜಾಗ ಇಲ್ದಂಗಾಯ್ತು" ಎಂದು ದೇವರಾಜು ಗೊಣಗಿದ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಕುರಿ ಕಾಯುವ ಮುದುಕ ಕಾಳಯ್ಯ ಲೋಟ ಕೆಳಗಿಟ್ಟ.

"ಲೇ ದೇವರಾಜು, ಹಂಗನ್ಬ್ಯಾಡ ಕಣ್ಲಾ... ಆ ಮಾತಿಂದಾನೇ ನಮ್ಮೂರಲ್ಲಿ ಒಬ್ಬ ದೆವ್ವ ಆದ. ಒಸಿ ಇತ್ಲಾಗ್ ಬನ್ರಪ್ಪ, ಯೋಳ್ತೀನಿ.

"ಇಲ್ಲಿ ಫ್ಯಾಕ್ಟ್ರಿಗಳು ಮೊದಮೊದ್ಲು ಏಳ್ತಿದ್ ಕಾಲ. ನಮ್ ಪಕ್ಕದ್ ಹೊಲ ಬೋರಮ್ಮಂದು. ಗಂಡ ಇಲ್ಲ, ಮಕ್ಳಿಲ್ಲ, ಒಂದಷ್ಟು ಕುರಿ. ಬಾಯಿ ಮಾತ್ರ ಊರಗಲ! ಒಡಿಶಾದಿಂದ ಶೀಟ್ ಹೊದ್ಸಕ್ಕೆ ಬಂದಿದ್ ಧನೇಶ್ವರ ಅನ್ನೋ ಹುಡ್ಗ ದಿನಾ ಸಂಜೆ ಅವಳ ಬಾಗ್ಲಿಗೆ ಬಂದು 'ಮಾ, ಪಾಣಿ' ಅನ್ನೋನು. ನೀರ್ ಕುಡ್ದು, ಕುರಿ ರೊಪ್ಪಕ್ಕೆ ಅಟ್ಟಿಕೊಡೋನು. ಅವನ ಮಾತು ಇವಳ್ಗೆ ತಿಳೀದು, ಇವಳ ಮಾತು ಅವನ್ಗೆ ತಿಳೀದು... ಇವ್ಳು ಬೈಕೊಂಡೇ ಮುದ್ದೆ ಇಕ್ಕೋಳು, ಅವ್ನು ನಗ್ತಾನೇ ಉಣ್ಣೋನು.

"ಒಂದಿನ ಫ್ಯಾಕ್ಟ್ರಿ ಸೂರಿಂದ ಬಿದ್ದು ಸತ್ತೋದ. ಕಂಟ್ರಾಕ್ಟರ್ ನಾಪತ್ತೆ. ಜತೆಗಾರ್ರು ಹೆಣ ಹೊತ್ಕಂಡು ಸುಡುಗಾಡಿಗೆ ಬಂದ್ರೆ, ಊರ ಯಜಮಾನ ಅನಂತರಾಜು ಅಡ್ಡ ನಿಂತ. 'ಎಲ್ಲಿಯೋನೋ ಏನೋ, ನಮ್ ಮಣ್ಣಲ್ಲಿ ಹೊರಗಿನೋರ್ಗೆ ಜಾಗ ಇಲ್ಲ.' ಬೋರಮ್ಮ ಬಂದ್ಳು ನೋಡಿ, ಸೆರಗು ಸೊಂಟಕ್ ಸಿಗುಸ್ಕಂಡು! 'ಫ್ಯಾಕ್ಟ್ರಿಗೆ ಹೊಲ ಕೊಡೋವಾಗ ಜಾಗ ಇತ್ತು, ಗೆಯ್ದು ಸತ್ತೋನಿಗೆ ಇಲ್ವಾ? ತನ್ರೋ ನನ್ ಹೊಲಕ್ಕೆ! ಅವ್ರ ಪೈಕಿ ಏನ್ ಮಾಡ್ತಾರೋ ಕಾಣೆ, ನಮ್ಮೋರ್ಗೆ ಮಾಡ್ದಂಗೆ ಮಾಡ್ತೀನಿ.' ರಾಗಿ ಹೊಲದ್ ಮೂಲೇಲಿ ಮಣ್ಣು ಮಾಡುಸ್ಬುಟ್ಳು.

"ಮೂರ್ನೇ ದಿನ, ಗುಡ್ಡೆಗೆ ಹಾಲು ತುಪ್ಪ ಬುಟ್ ಸಂಜೆ... ಕುರಿಗೋಳು ತಾವೇ ರೊಪ್ಪಕ್ಕೆ ನುಗ್ಗುದೋ, ಯಾರೋ ಹಿಂದಿಂದ ಅಟ್ದಂಗೆ. ಬಾಗ್ಲಲ್ಲಿ ದನಿ... 'ಮಾ, ಪಾಣಿ.' ನಾನು ಬೇಲಿ ಆಚೆ ನಿಂತು ಈ ಕಿವೀಲೇ ಕೇಳ್ದೆ. ಆಳಿಲ್ಲ, ದನಿ ಮಾತ್ರ. ಬೋರಮ್ಮ ಹೆದ್ರಲಿಲ್ವಾ? ಹೆದ್ರುದ್ಳು. ಆದ್ರೂ ಚೊಂಬು ತಂದು ಹೊಸ್ಲಾಚೆ ಮಡಗುದ್ಳು. ಕಣ್ಮುಂದೇನೇ ನೀರು ಇಳೀತಾ ಹೋಯ್ತು ಕಣ್ರಪ್ಪ, ಗುಟುಕು ಗುಟುಕಾಗಿ...

"ಊರು ಸುಮ್ನಿರ್ತದಾ? ಅನಂತರಾಜು ಮಂತ್ರವಾದಿ ಮುನಿಯಪ್ಪನ್ನ ಕರ್ಕಂಬಂದ. ಗುಡ್ಡೆ ಮ್ಯಾಲೆ ಕಬ್ಬಿಣದ ಮೊಳೆ ಹೊಡುದ್ರು. ನೆಲದೊಳಗಿಂದ ಮಗು ಅತ್ತಂಗೆ ಸದ್ದು! ಎಲ್ಲಾ ಹಿಂದಕ್ಕೋದ್ರು, ಬೋರಮ್ಮ ಮುಂದಕ್ಕೋದ್ಳು. ಎರಡೂ ಕೈಲಿ ಮೊಳೆ ಕಿತ್ತು ಮುನಿಯಪ್ಪನ ಕಾಲ್ತಾವ ಎಸುದ್ಳು. 'ನನ್ ಮನೇಗ್ ಬಂದೋನ್ನ ಓಡ್ಸಕ್ಕೆ ನೀವ್ಯಾರು? ದೆವ್ವ ಆದ್ರೆ ನಮ್ಮೂರ ದೆವ್ವ, ಇಲ್ಲೇ ಇರ್ತಾನೆ!' ಆಗ ಮಣ್ಣೊಳಗಿಂದ ದನಿ ಬಂತು... ನಮ್ ಮಾತಲ್ಲಿ, ನಮ್ ರಾಗದಲ್ಲಿ. 'ಎಲ್ಲೂ ಹೋಗಕಿಲ್ಲ ಕಣವ್ವ.'

"ಅನಂತರಾಜು ಪಂಚೆ ಎತ್ಕಂಡು ಓಡ್ದೋನು, ಮತ್ತೆ ಆ ದಾರಿ ತುಳೀಲಿಲ್ಲ. ಆಮ್ಯಾಕೆ ಬೋರಮ್ಮನೂ ತೀರ್ಕಂಡ್ಳು. ಹೊಲ ಫ್ಯಾಕ್ಟ್ರಿ ಪಾಲಾಯ್ತು. ಕಾಂಪೌಂಡ್ ಕಟ್ಟೋರು ಆ ಮೂಲೆ ಒಂದ ಬುಟ್ಟು ಬಳಸ್ಕಂಡು ಕಟ್ಟವ್ರೆ."

ದೇವರಾಜು ಒತ್ತಿ ಸರಿದು ಪಕ್ಕದವನಿಗೆ ಜಾಗ ಬಿಟ್ಟ. "ಈಗ್ಲೂ ಅಲ್ಲೇ ಅವ್ನಾ ತಾತ?" ಎಂದಳು ಮುನವ್ವರಾ, ಮೆಲ್ಲಗೆ.

"ನನ್ ಮೊಮ್ಮಗಳು ಕುಸುಮ, ಬೋರಮ್ಮ ಸತ್ ಮ್ಯಾಲೆ ಹುಟ್ದೋಳು, ಬೇಲಿ ತಾವ ಕೂತು ಯಾವ್ದೋ ಹಾಡು ಗುನುಗ್ತಿದ್ಳು. ನಮ್ ಕಡೇದಲ್ಲ. ಶೆಡ್ಡಲ್ಲಿರೋ ಒಡಿಶಾದೋರ ಮುಂದೆ ಹಾಡುಸ್ದೆ. ಕೇಳಿ ಗೊಳೋ ಅಂತ ಅತ್ರು; ಅವರೂರ ತಾಯ್ದೀರು ಮಗ ಮಲಗ್ಸೋ ಹಾಡಂತೆ. 'ಯಾರವ್ವಾ ಕಲ್ಸಿದ್ದು?' ಅಂದೆ. 'ಹೊಲದಣ್ಣ' ಅಂದ್ಳು. ಅವಳವ್ವ ಹೆದ್ರಿ ತಾಯತ ಕಟ್ಸಣ ಅಂದ್ಳು... ನಾನ್ ಬ್ಯಾಡ ಅಂದೆ. ಕಲೀಲಿ."

ಕಾಳಯ್ಯ ಕಂಬಳಿ ತಲೆಗೆಳೆದುಕೊಂಡು, ಸುರಿಯುವ ಮಳೆಗೇ ಇಳಿದ.

"ಬತ್ತೀನಿ ಕಣ್ರಪ್ಪ. ಹಾಡಿನ ಮಿಕ್ಕಿದ್ ಸಾಲು ಇವತ್ತು ಹೇಳ್ಕೊಡ್ತೀನಿ ಅಂತ ಕುಸುಮಂಗೆ ಅಂದವ್ನಂತೆ... ನಾನೂ ಒಸಿ ಕೇಳ್ಬೇಕು."